ಕೂತ ಗಾಡಿಗೆ ಅರ್ಧ ದರ

ಗಾಡಿ ಓಡಿಸುವುದಕ್ಕೆ ಖರ್ಚಾಗುತ್ತದೆ ಎಂದರೆ ಡ್ರಾಯಿಂಗ್ ಮೇಷ್ಟ್ರು ಒಪ್ಪುತ್ತಿದ್ದರು. ಪೆಟ್ರೋಲು ಉರಿಯುತ್ತದೆ, ಟೈರು ಸವೆಯುತ್ತದೆ, ಕೊಟ್ಟ ಕಾಸಿಗೆ ಗಾಡಿ ಒಂದಷ್ಟು ದೂರವಾದರೂ ಹೋಗುತ್ತದೆ. ಆದರೆ ಗಾಡಿ ನಿಲ್ಲಿಸುವುದಕ್ಕೂ ದುಡ್ಡು ಕೊಡಬೇಕು ಎಂಬುದು ಮಾತ್ರ ಅವರ ಗಂಟಲಲ್ಲಿ ಇಳಿಯದ ವಿಷಯವಾಗಿತ್ತು. ಏನೂ ಮಾಡದೆ ಸುಮ್ಮನೆ ನಿಂತಿರುವುದಕ್ಕೆ ಶುಲ್ಕವೇ? ಹಾಗೆ ನೋಡಿದರೆ ಮೇಷ್ಟ್ರು ಸ್ವತಃ ದಿನದ ಬಹುಪಾಲು ಸುಮ್ಮನೆ ನಿಂತಿರುವವರೇ. ಮನೆಯ ಬಾಲ್ಕನಿಯಲ್ಲಿ, ಶಾಲೆಯ ಕಾರಿಡಾರಿನಲ್ಲಿ, ಬ್ರೆಡ್ಡು ತರಲು ಹೋದ ಅಂಗಡಿಯ ಮುಂದೆ, ಬ್ರೆಡ್ಡನ್ನು ಮರೆತು, ಮೋಡ ನೋಡುತ್ತ. (ಇದಕ್ಕೂ ಯಾರಾದರೂ ಚೀಟಿ ಹರಿಯಲು ಶುರುಮಾಡಿದರೆ ನಾವು ಮನೆ ಮಠ ಮಾರಬೇಕಾಗುತ್ತದೆ ಎಂದು ಅವರ ಹೆಂಡತಿ ಹೇಳುತ್ತಿದ್ದಳು.)

ಮೇಷ್ಟ್ರ ಈ ಸಿದ್ಧಾಂತದ ಫಲ ಉಣ್ಣುತ್ತಿದ್ದದ್ದು ಆಕೆಯ ಕಾಲುಗಳು. ಪೇಟೆಗೆ ಹೊರಟರೆಂದರೆ ಗಾಡಿಯನ್ನು ಎಲ್ಲೋ ಒಂದು ಬಿಟ್ಟಿ ಗಲ್ಲಿಯಲ್ಲಿ ನಿಲ್ಲಿಸುವುದು, ಅಲ್ಲಿಂದ ನಡೆಯುವುದು. ಒಮ್ಮೆ ಆಕೆಗೆ ಹಲ್ಲುನೋವು ಬಂದು ದಂತವೈದ್ಯರಲ್ಲಿಗೆ ಹೊರಟಾಗ ಬಿಟ್ಟಿ ಗಲ್ಲಿ ಎಷ್ಟು ದೂರದಲ್ಲಿ ಸಿಕ್ಕಿತೆಂದರೆ, ನಡೆದು ನಡೆದು ಕಾಲುನೋವು ಹಲ್ಲುನೋವನ್ನು ಮೀರಿಸಿ, ಆಕೆ ವೈದ್ಯರ ಕುರ್ಚಿಯಲ್ಲಿ ಕೂತು ಮೊದಲು ಚಪ್ಪಲಿ ಬಿಚ್ಚಿ ಪಾದ ತೋರಿಸಿದ್ದಳು.

"ರೀ, ನಾವು ಕಾರು ತಗೊಂಡಿದ್ದು ಯಾಕೆ?" ಎಂದು ಅವತ್ತು ವಾಪಸು ಬರುವಾಗ ಆಕೆ ಕೇಳಿದಳು.

"ನಡೆಯೋ ಜಾಗದವರೆಗೂ ಹೋಗೋದಕ್ಕೆ," ಎಂದರು ಮೇಷ್ಟ್ರು, ಯಾವುದೋ ಮಾಡಿನ ಮೇಲೆ ಕೂತ ಪಾರಿವಾಳಗಳನ್ನು ನೋಡುತ್ತ.

ನಿಜ ಹೇಳಬೇಕೆಂದರೆ ಉಳಿಯುವ ದುಡ್ಡಿಗಿಂತ ಆ ನಡಿಗೆಯ ಮೇಲೆಯೇ ಮೇಷ್ಟ್ರಿಗೆ ಮೋಹ. ಗೊತ್ತಿಲ್ಲದ ಓಣಿಗಳು, ಗೊತ್ತಿಲ್ಲದ ಜನರ ಬಾಲ್ಕನಿಗಳಲ್ಲಿ ಒಣಗುವ ಗೊತ್ತಿಲ್ಲದ ಅಂಗಿಗಳು, ಯಾರದೋ ಅಡುಗೆಮನೆಯ ಕಿಟಕಿಯಿಂದ ಬರುವ ಹಬೆ, ಮೀಟರ್ ಪೆಟ್ಟಿಗೆಯ ಮೇಲೆ ಮಲಗಿ ಕಣ್ಣು ಅರ್ಧ ತೆರೆದು ಇವರನ್ನು ತನಿಖೆ ಮಾಡುವ ಬೆಕ್ಕು. ಇವೆಲ್ಲದರ ನಡುವೆ, ಸಿಟ್ಟಿನಿಂದ ನಾಲ್ಕು ಹೆಜ್ಜೆ ಮುಂದೆ ನಡೆಯುವ ಹೆಂಡತಿ, ಆ ಸಿಟ್ಟು ಇಳಿದಂತೆ ಮೆಲ್ಲಗೆ ಗುನುಗಲು ಶುರುಮಾಡುತ್ತಿದ್ದಳು. ಆ ಗುನುಗು ಕಿವಿಗೆ ಬಿದ್ದರೆ ಮೇಷ್ಟ್ರಿಗೆ ಇಡೀ ಊರೇ ಒದ್ದೆ ಬಣ್ಣದ ಚಿತ್ರದಂತೆ ಮೃದುವಾಗಿ ಕಾಣುತ್ತಿತ್ತು.

ಆಕೆಗೆ ಕೆಲಸ ಕನ್ನಡಕದ ಅಂಗಡಿಯಲ್ಲಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ಲೈಬ್ರರಿಯ ಮಹಡಿಯಲ್ಲಿ ಹೆಂಗಸರ ವೃಂದಗಾನ. ನಿವೃತ್ತ ನರ್ಸ್ ಒಬ್ಬರು ಹೇಳಿಕೊಡುತ್ತಿದ್ದರು, ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು. ಟೀಚರ್ ತಾವೇ ಕಟ್ಟಿದ ಒಂದು ಹಾಡಿತ್ತು. ಊರೆಲ್ಲ ಸುತ್ತಿ ದಣಿದ ಹೊಳೆ ಸಂಜೆ ಮನೆಗೆ ಹೊರಡುವ ಹಾಡು. ನಡುವೆ ಒಂದು ಕಡೆ ಎಲ್ಲರೂ ದನಿ ತಗ್ಗಿಸಿ ನಿಲ್ಲುತ್ತಾರೆ, ಒಬ್ಬಳೇ ಒಬ್ಬಳು ಎರಡು ಸಾಲು ಹಾಡಬೇಕು. ಆ ಎರಡು ಸಾಲು ಮೇಷ್ಟ್ರ ಹೆಂಡತಿಯ ಪಾಲಿಗೆ ಬಂದಿದ್ದವು, ಅದೂ ಊರ ದೊಡ್ಡ ಸಭಾಂಗಣದಲ್ಲಿ, ಟಿಕೆಟ್ಟಿಟ್ಟ ಕಾರ್ಯಕ್ರಮದಲ್ಲಿ.

ಬಂದಾಗಿನಿಂದ ಮನೆಯಲ್ಲಿ ಆ ಎರಡು ಸಾಲಿನದೇ ಸಂಸಾರ. ಸ್ನಾನದ ಮನೆಯಲ್ಲಿ ಹಾಡಿದರೆ ಜೇನು. ಪಾತ್ರೆ ತೊಳೆಯುತ್ತ ಹಾಡಿದರೆ ಜೇನು. ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಬಂದವರು ಗೋಡೆಯ ಮೇಲಿನ ಅಕ್ಷರಗಳನ್ನು ಅದೇ ರಾಗದಲ್ಲಿ ಓದತೊಡಗಿದ್ದರಂತೆ. ಆದರೆ ಅಭ್ಯಾಸದ ದಿನ ನಾಲ್ಕು ಜನ ತಿರುಗಿ ನೋಡಿದರೆ ಸಾಕು, ಹಗ್ಗ ಕಳಚಿದ ಕೊಡದಂತೆ ದನಿ ಬಾವಿಯೊಳಕ್ಕೆ ಇಳಿದುಹೋಗುತ್ತಿತ್ತು. ಆಮೇಲೆ ಎಷ್ಟು ಪಾತಾಳಗರಡಿ ಹಾಕಿದರೂ ಮೇಲೆ ಬರುತ್ತಿರಲಿಲ್ಲ.

"ನೀವು ಮೂರನೇ ಸಾಲಿನ ತುದಿಯಲ್ಲಿ ಕೂರಬೇಕು," ಎಂದು ಆಕೆ ಕಾರ್ಯಕ್ರಮದ ವಾರ ಮೇಷ್ಟ್ರಿಗೆ ಹೇಳಿದಳು. "ವೇದಿಕೆಯಿಂದ ನಂಗೆ ನಿಮ್ಮ ಮುಖ ಕಾಣಬೇಕು. ನಿಮ್ಮ ಮುಖ ನೋಡಿದ್ರೆ ಯಾರಿಗೂ ಹೆದರಿಕೆ ಆಗಲ್ಲ."

ಇದು ಹೊಗಳಿಕೆಯೋ ಏನೋ ಎಂದು ಮೇಷ್ಟ್ರು ಯೋಚಿಸುತ್ತಿರುವಾಗಲೇ ಆಕೆ ಸೇರಿಸಿದಳು. "ಇನ್ನೊಂದು. ಅವತ್ತೊಂದು ದಿನ, ನಿಮ್ಮ ದಮ್ಮಯ್ಯ, ದುಡ್ಡು ಕೊಟ್ಟು ಸಭಾಂಗಣದ ಪಕ್ಕದಲ್ಲೇ ಗಾಡಿ ನಿಲ್ಲಿಸಿ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅಲ್ಲಿ ತಮಾಷೆ ಇರಲಿಲ್ಲ. "ಆಯ್ತು ಕಣೆ," ಎಂದರು. ಮನಸಾರೆ ಒಪ್ಪಿಯೇ ಹೇಳಿದ್ದರು. ಎಲ್ಲ ನೆಟ್ಟಗೆ ನಡೆಯುತ್ತಿತ್ತೇನೋ, ಕಾರ್ಯಕ್ರಮದ ಹಿಂದಿನ ದಿನ ಹುಷಾರಣ್ಣ ಬರದೆ ಇದ್ದಿದ್ದರೆ.

ಹುಷಾರಣ್ಣ ಎಂದರೆ ಆಕೆಯ ಒಡಹುಟ್ಟಿದ ಅಣ್ಣ. ಇಡೀ ಜೀವನ ವಿಮೆ ಮಾರಿದವನು, ಹೀಗಾಗಿ ಪ್ರಪಂಚದಲ್ಲಿ ಏನೇನು ಕೆಡಬಹುದು ಎಂಬುದರ ಪೂರ್ತಿ ಮಾಹಿತಿ ಅವನಲ್ಲಿತ್ತು. ಟೀ ಕೊಟ್ಟರೂ "ಹುಷಾರು, ಬಿಸಿ ಇದೆ" ಎಂದು ಕೊಟ್ಟವರಿಗೇ ಹೇಳುವ ಜಾತಿ.

"ಮೇಷ್ಟ್ರೇ, ದುಡ್ಡು ಕೊಟ್ಟು ನಿಲ್ಲಿಸ್ತೀರಂತೆ, ಸಂತೋಷ," ಎಂದ ಅವನು ಕುರ್ಚಿ ಎಳೆದುಕೊಂಡು. "ಆದ್ರೆ ಹುಷಾರು. ಈ ಕಾಲದಲ್ಲಿ ಗಾಡಿ ಓಡಿಸೋದು ಕಷ್ಟ ಅಲ್ಲ, ನಿಲ್ಲಿಸೋದು ಕಷ್ಟ. ದುಡ್ಡು ಕಟ್ಟೋ ಯಂತ್ರದ ಮೇಲೆ ಕ್ಯೂಆರ್ ಕೋಡ್ ಇರುತ್ತಲ್ಲ, ಅದರ ಮೇಲೆ ಕಳ್ಳರು ತಮ್ಮದೊಂದು ಅಂಟಿಸಿಬಿಡ್ತಾರೆ. ನೀವು ಊರಿಗೆ ಕಟ್ಟಿದೆ ಅಂದ್ಕೊಳ್ತೀರಿ, ದುಡ್ಡು ಅವನ ಮನೆಗೆ ಹೋಗುತ್ತೆ. ಮೊದಲು ಉಗುರಲ್ಲಿ ಕೆರೆದು ನೋಡಿ. ಅಡಿಯಲ್ಲಿ ಇನ್ನೊಂದು ಇದ್ರೆ ಅದು ಮೋಸ."

"ಅಣ್ಣಾ, ಸಾಕು," ಎಂದಳು ತಂಗಿ.

"ಎರಡನೇದು. ದಂಡ ಕಟ್ಟಿ, ಇಲ್ಲಿ ಒತ್ತಿ ಅಂತ ಫೋನಿಗೆ ಸಂದೇಶ ಬರುತ್ತೆ. ಒತ್ತಿದ್ರೋ, ಬ್ಯಾಂಕಲ್ಲಿರೋದೆಲ್ಲ ಗುಳುಂ. ನೋಡಿದ ತಕ್ಷಣ ಅಳಿಸಿ. ಇನ್ನು ಮೂರನೇದು, ಇದು ಬಹಳ ಮುಖ್ಯ."

"ಅಣ್ಣಾ, ಅವರು ದುಡ್ಡು ಕೊಡೋಕೆ ಒಪ್ಪಿದ್ದೇ ದೊಡ್ಡದು. ನೀನು ಅವರ ತಲೆ ಕೆಡಿಸಬೇಡ," ಎಂದು ತಂಗಿ ಬಿಸ್ಕತ್ತಿನ ತಟ್ಟೆಯನ್ನು ಅಣ್ಣನ ಮೂಗಿನ ಕೆಳಗೇ ತಂದಿಟ್ಟಳು. ಬಿಸ್ಕತ್ತಿನಲ್ಲಿ ಮೂರನೆಯದು ಕರಗಿಹೋಯಿತು. ಮೊದಲಿನ ಎರಡು ಮಾತ್ರ ಮೇಷ್ಟ್ರ ಎದೆಯೊಳಕ್ಕೆ ಇಳಿದು ಬೇರುಬಿಟ್ಟವು.

ಮರುದಿನ ಇಳಿಹೊತ್ತಿನ ಬಿಸಿಲು ಬೀದಿಯ ಮೇಲೆ ತೆಳ್ಳಗೆ ಹರಡಿತ್ತು. ಹಾಡುವವರು ಮುಂಚೆಯೇ ಸೇರಬೇಕಾದ್ದರಿಂದ ಮೇಷ್ಟ್ರು ಹೆಂಡತಿಯನ್ನು ಸಭಾಂಗಣದ ಹಿಂಬಾಗಿಲಲ್ಲಿ ಇಳಿಸಿದರು. ಆಕೆ ನೀಲಿ ಶಾಲು ಹೊದ್ದಿದ್ದಳು. ಇಳಿದವಳು ಕಿಟಕಿಗೆ ಬಾಗಿ ನಿಂತಳು. ಶಾಲಿನ ಅಂಚನ್ನು ಹಿಂಡಿದ ಬೆರಳುಗಳು ಬೆಳ್ಳಗಾಗಿದ್ದವು.

"ಮೂರನೇ ಸಾಲು," ಎಂದಳು.

"ತುದಿ ಕುರ್ಚಿ," ಎಂದರು ಮೇಷ್ಟ್ರು.

ಕಾರ್ಯಕ್ರಮಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಮೇಷ್ಟ್ರು ಕೊಟ್ಟ ಮಾತಿನಂತೆ ಸಭಾಂಗಣದ ಪಕ್ಕದ ಪಾರ್ಕಿಂಗ್ ಜಾಗಕ್ಕೇ ಹೋದರು. ಬಾಗಿಲಲ್ಲಿ ಅಡ್ಡಗಂಬ, ಪಕ್ಕದಲ್ಲಿ ಯಂತ್ರ, ಯಂತ್ರದ ಮೇಲೆ ಹೊಚ್ಚಹೊಸ ಬಿಳಿ ಸ್ಟಿಕ್ಕರ್. ಅದರಲ್ಲಿ ಒಂದು ಕೋಡು, ಕೆಳಗೆ ಇರುವೆ ಸಾಲಿನಂಥ ಅಕ್ಷರ. ಅಕ್ಷರ ಓದಲು ಕನ್ನಡಕ ಬೇಕು, ಕನ್ನಡಕ ಮನೆಯಲ್ಲಿತ್ತು. (ಕನ್ನಡಕ ಮಾರುವವಳ ಗಂಡನಾಗಿ ಕನ್ನಡಕ ಮರೆಯುವುದು ಹೇಗೆ ಎಂದು ಕೇಳಬೇಡಿ. ಅವರು ಒಮ್ಮೆ ಶಾಲೆಗೆ ಹೋಗಿ ಶಾಲೆಯನ್ನೇ ಮರೆತು ಕೆರೆಯ ಕಡೆ ಹೋದವರು.) ಮೇಷ್ಟ್ರು ಉಗುರಿನಿಂದ ಸ್ಟಿಕ್ಕರಿನ ಮೂಲೆ ಕೆರೆದರು. ಅಡಿಯಲ್ಲಿ ಇನ್ನೊಂದಿತ್ತು.

ಅವರ ಮೈ ಜುಮ್ಮೆಂದಿತು. ಮೋಸವನ್ನು ಮೊದಲ ಸಲ ಕಣ್ಣಾರೆ ಕಂಡಿದ್ದರು. ಹಿಂದೆ ನಿಂತ ಗಾಡಿಗಳವರು ಹಾರ್ನ್ ಬಾರಿಸತೊಡಗಿದರು. ಮೇಷ್ಟ್ರು ಅವರೆಲ್ಲರನ್ನೂ ಕರುಣೆಯಿಂದ ನೋಡಿ, ಗಾಡಿಯನ್ನು ಹಿಂದಕ್ಕೆ ತೆಗೆದು, ರಣರಂಗದಿಂದ ಗೆದ್ದು ಬರುವ ದಂಡನಾಯಕರಂತೆ ಹೊರಬಿದ್ದರು.

ಆಮೇಲೆ ಬೀದಿ ಬೀದಿ ಅಲೆದಾಟ. ರಸ್ತೆಯಂಚಿಗೆ ಬಳಿದ ಬಿಳಿ ಚೌಕಗಳೆಲ್ಲ ತುಂಬಿದ್ದವು. ಕಾರಂಜಿಯ ಸುತ್ತ ಒಂದು ಸುತ್ತು, ಅದೇ ಕಾರಂಜಿಯ ಸುತ್ತ ಇನ್ನೊಂದು ಸುತ್ತು. ನೀರು ಮೇಲೆದ್ದು ಬಿಸಿಲಲ್ಲಿ ಬಣ್ಣವಾಗಿ ಉದುರುವುದನ್ನು ನೋಡಲೆಂದೇ ಮತ್ತೊಂದು ಸುತ್ತು. ಹೀಗೆ ಸುತ್ತುತ್ತ ಒಂದು ಸಣ್ಣ ಬೀದಿಗೆ ತಿರುಗಿದಾಗ ಒಂದು ಸೀಟಿ ಕೇಳಿಸಿತು.

ಉದ್ದನೆಯ ಗೋಡೆ, ದೊಡ್ಡದೊಂದು ಕಬ್ಬಿಣದ ಗೇಟು, ಗೇಟಿನ ಮುಂದೆ ದಟ್ಟ ಮರದ ನೆರಳು. ನೆರಳಿನಲ್ಲಿ ಕಿತ್ತಳೆ ಬಣ್ಣದ ಜಾಕೀಟು ಹಾಕಿದ ಒಬ್ಬ ಮನುಷ್ಯ, ಬಾಯಲ್ಲಿ ಸೀಟಿ, ಕೈಯಲ್ಲಿ ಚೀಟಿಗಳ ಕಟ್ಟು.

"ಬನ್ನಿ ಸಾರ್, ಬನ್ನಿ. ನಿಮಗೋಸ್ಕರಾನೇ ಇಟ್ಟ ಹಾಗಿದೆ ಈ ಜಾಗ."

ಮೇಷ್ಟ್ರು ಗಾಜು ಇಳಿಸಿ ಅನುಮಾನದಿಂದ ಕೇಳಿದರು. "ಇಲ್ಲಿ ಕ್ಯೂಆರ್ ಕೋಡ್ ಏನಾದ್ರೂ ಇದೆಯೇನಪ್ಪಾ?"

ಜಾಕೀಟಿನವನು ಸೀಟಿಯನ್ನು ಬಾಯಿಂದ ತೆಗೆದು ಎದೆಯ ಮೇಲೆ ಕೈಯಿಟ್ಟ. "ಅದನ್ನೆಲ್ಲ ನಂಬ್ತೀರಾ ಸಾರ್? ಬರೀ ಮೋಸ. ನಮ್ಮ ಚಿಕ್ಕಪ್ಪನೇ ಕೈ ಸುಟ್ಕೊಂಡಿದ್ದಾರೆ. ನಮ್ಮದು ಕೈಗೆ ದುಡ್ಡು, ಕೈಗೆ ಚೀಟಿ. ನಿಯತ್ತು."

ಮೇಷ್ಟ್ರ ಹೃದಯ ಕರಗಿತು. ತಮ್ಮಷ್ಟೇ ಜಾಗರೂಕನಾದ ಇನ್ನೊಂದು ಜೀವ ಈ ಊರಿನಲ್ಲಿತ್ತು. ಆದರೆ ಅವನು ದರ ಹೇಳಿದಾಗ ಕರಗಿದ ಹೃದಯ ಮತ್ತೆ ಗಟ್ಟಿಯಾಯಿತು. ಜಾಕೀಟಿನವನಿಗೆ ಗಿರಾಕಿಯ ಮುಖ ಓದಲು ಕನ್ನಡಕ ಬೇಕಿರಲಿಲ್ಲ.

"ಗಾಡಿಯೊಳಗೆ ಯಾರಾದ್ರೂ ಇರ್ತಾರಾ ಸಾರ್?"

"ಯಾಕೆ?"

"ನಿಂತ ಗಾಡಿಗೆ ಪೂರ್ತಿ ದರ. ಕೂತ ಗಾಡಿಗೆ ಅರ್ಧ."

"ಕೂತ ಗಾಡಿ ಅಂದ್ರೆ?"

"ಒಳಗೆ ಮನುಷ್ಯ ಕೂತಿದ್ರೆ ಅದು ಕೂತ ಗಾಡಿ. ಯಾರೂ ಇಲ್ಲಾಂದ್ರೆ ನಿಂತ ಗಾಡಿ."

ಮೇಷ್ಟ್ರು ಭಾಷೆಯ ಮೇಷ್ಟ್ರಲ್ಲದಿದ್ದರೂ ಆ ವ್ಯಾಕರಣಕ್ಕೆ ತಲೆದೂಗಿದರು. ಒಂದು ಸಂದೇಹ ಮಾತ್ರ ಉಳಿದಿತ್ತು. "ಮಲಗಿದ್ರೆ?"

"ಮಲಗೋದೂ ಕೂತ ಹಾಗೇ ಸಾರ್. ಅದಕ್ಕೆ ಅಂತ ಬೇರೆ ತಗೊಳ್ಳಲ್ಲ."

ಅರ್ಧ ದರ ಕೈ ಬದಲಾಯಿಸಿತು. ಗುಲಾಬಿ ಬಣ್ಣದ ಚೀಟಿಯೊಂದು ಮೇಷ್ಟ್ರ ಜೇಬು ಸೇರಿತು. ಜಾಕೀಟಿನವನು ಕೊನೆಯದಾಗಿ "ಮೋಸ ಮಾಡೋರು ಜಾಸ್ತಿ ಆಗಿದ್ದಾರೆ ಸಾರ್, ಹುಷಾರು" ಎಂದು ಹೇಳಿ, ಸೀಟಿ ಊದುತ್ತ ಮೂಲೆಯಲ್ಲಿ ತಿರುಗಿ ಮಾಯವಾದ. ಥೇಟ್ ಹುಷಾರಣ್ಣನ ಮಾತು. ಮೇಷ್ಟ್ರಿಗೆ ಪರಮ ಸಮಾಧಾನವಾಯಿತು.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಎದ್ದು ಹೋದರಾಯಿತು, ಗಾಡಿ ಕೂತದ್ದರಿಂದ ನಿಂತದ್ದಕ್ಕೆ ಬದಲಾದರೆ ಮಿಕ್ಕದ್ದನ್ನು ಆಮೇಲೆ ಕೊಟ್ಟರಾಯಿತು ಎಂದು ಲೆಕ್ಕಹಾಕಿ ಅವರು ಮುಂದಿನ ಗಾಜಿಗೆ ಬಿಸಿಲು ತಡೆಯುವ ರಟ್ಟನ್ನು ಒರಗಿಸಿ, ಕಿಟಕಿಗಳನ್ನು ಬೆರಳಗಲ ಇಳಿಸಿ, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದರು. ಎಲೆಗಳ ನೆರಳು ಅವರ ಅಂಗಿಯ ಮೇಲೆ ಮೀನಿನ ಮರಿಗಳಂತೆ ಆಡುತ್ತಿತ್ತು. ಮೇಷ್ಟ್ರ ನಿದ್ದೆ ಸಾಮಾನ್ಯದ್ದಲ್ಲ. ಹಿಂದೊಮ್ಮೆ ಮನೆಗೆ ಬಣ್ಣ ಹೊಡೆಯುವವರು ಇವರನ್ನು ಎಬ್ಬಿಸಲಾರದೆ, ಮಂಚದ ಸುತ್ತಲಿನ ಗೋಡೆಗಳಿಗೆ ಬಣ್ಣ ಹೊಡೆದು ಮುಗಿಸಿ ಹೋಗಿದ್ದರು.

ಮೊದಲು ಗಾಡಿ ಸಣ್ಣಗೆ ನಡುಗಿದಂತಾಯಿತು. ಆಮೇಲೆ ಮೂತಿ ಮೇಲಾಯಿತು. ಕನಸಿನಲ್ಲಿ ಮೇಷ್ಟ್ರು ಒಂದು ದೋಣಿಯಲ್ಲಿದ್ದರು. ದೋಣಿ ಅಲೆಯ ಮೇಲೆ ಮೂತಿಯೆತ್ತಿ ನಿಧಾನವಾಗಿ ಹೊರಟಿತು. ಇಕ್ಕೆಲದಲ್ಲೂ ಊರು ಹಿಂದಕ್ಕೆ ಸರಿಯುತ್ತಿತ್ತು, ಮಾಡುಗಳು, ಬಾಲ್ಕನಿಗಳು, ಒಣಗುವ ಅಂಗಿಗಳು ಕೈಬೀಸುತ್ತಿದ್ದವು. ರಸ್ತೆಯ ಜಾಗದಲ್ಲಿ ನೀರು. ನೀರಿನ ಮೇಲೆ ಬಿಳಿ ಗೆರೆಯ ಚೌಕಗಳು, ಒಂದಾದ ಮೇಲೊಂದು, ಎಲ್ಲವೂ ಖಾಲಿ, ಎಲ್ಲವೂ ಹೊಸ ಡ್ರಾಯಿಂಗ್ ಹಾಳೆಯಷ್ಟು ಶುಭ್ರ. ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ದೋಣಿಯ ತುದಿಯಲ್ಲಿ ಹೆಂಡತಿ ನೀಲಿ ಶಾಲು ಹೊದ್ದು, ಇತ್ತ ಬೆನ್ನು ಮಾಡಿ ಕೂತು ಗುನುಗುತ್ತಿದ್ದಳು. "ಇಲ್ಲೇ ನಿಲ್ಲಿಸಲಾ?" ಎಂದು ಮೇಷ್ಟ್ರು ಕೇಳಿದರು. ಆಕೆ ತಿರುಗದೆಯೇ ಇನ್ನೂ ಸ್ವಲ್ಪ ಮುಂದೆ ಎಂಬಂತೆ ಕೈ ಮಾಡಿದಳು. ದೋಣಿ ಹಾಗೇ ತೇಲಿತು.

ಎಚ್ಚರವಾದಾಗ ದೋಣಿ ನಿಂತಿತ್ತು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮೇಷ್ಟ್ರು ನಿದ್ದೆಗಣ್ಣಿನಲ್ಲಿ ಫೋನನ್ನು ಕೈಯಳತೆಗೆ ದೂರ ಹಿಡಿದು ನೋಡಿದರು. ದೊಡ್ಡ ಅಕ್ಷರದಲ್ಲಿ 'ದಂಡ' ಎಂದಿತ್ತು, ಕೆಳಗೆ 'ಇಲ್ಲಿ ಒತ್ತಿ' ಎಂದಿತ್ತು. ಮೇಷ್ಟ್ರು ನಕ್ಕರು. ನಿದ್ದೆಯಿಂದ ಎದ್ದವನನ್ನು ಹಿಡಿಯಲು ಬಂದಿದ್ದಾರೆ, ಖದೀಮರು. ಸಂದೇಶವನ್ನು ಅಳಿಸಿ, ಕಳಿಸಿದವರು ಇನ್ನು ಜನ್ಮದಲ್ಲಿ ತಮಗೆ ಏನನ್ನೂ ಕಳಿಸದಂತೆ ಅವರನ್ನು ಬ್ಲಾಕ್ ಮಾಡಿ, ಬಾಗಿಲು ತೆರೆದು ಇಳಿದರು.

ಮರ ಇರಲಿಲ್ಲ. ನೆರಳಿರಲಿಲ್ಲ. ವಿಶಾಲವಾದ ಅಂಗಳದಲ್ಲಿ ಕಾರುಗಳು ಸಾಲುಸಾಲಾಗಿ ಮೌನವಾಗಿ ನಿಂತಿದ್ದವು, ಸಂಜೆಯ ಕೆಂಪು ಅವುಗಳ ಗಾಜಿನ ಮೇಲೆಲ್ಲ ಹರಿದಿತ್ತು. ಗಾಡಿ ನಿಲ್ಲಿಸುವವರ ಸ್ವರ್ಗ ಎಂದರೆ ಹೀಗೇ ಇರಬೇಕು ಎಂದುಕೊಂಡು ಮೇಷ್ಟ್ರು ಆ ಸಾಲುಗಳ ನಡುವೆ ಸ್ವಲ್ಪ ದೂರ ತಿರುಗಾಡಿದರು. ಕನಸು ಇನ್ನೂ ಮುಗಿದಿಲ್ಲ ಎಂದೇ ಅವರ ಎಣಿಕೆ. ಅಷ್ಟರಲ್ಲಿ ಅಂಗಳದ ಮೂಲೆಯ ಪುಟ್ಟ ಗೂಡಿನಿಂದ ಒಬ್ಬ ಹೆಂಗಸು ತಲೆ ಹೊರಹಾಕಿದಳು. ಅಲ್ಲಿನ ಗುಮಾಸ್ತೆ ಆಕೆ. ಕಡಲೆಕಾಯಿ ಬಿಡಿಸುತ್ತಿದ್ದಳು.

"ಎದ್ರಾ ಸಾರ್? ಎಬ್ಬಿಸೋಣ ಅಂತಿದ್ದೆ. ಅಷ್ಟು ಚೆನ್ನಾಗಿ ಮಲಗಿದ್ರಿ, ಮನಸ್ಸು ಬರಲಿಲ್ಲ."

"ಇದು ಯಾವ ಜಾಗಮ್ಮಾ?"

"ನಿಲ್ಲಿಸಬಾರದ ಕಡೆ ನಿಲ್ಲಿಸಿದ ಗಾಡೀನೆಲ್ಲ ಎತ್ಕೊಂಡು ಬಂದು ಇಡೋ ಜಾಗ. ನೀವು ಅಗ್ನಿಶಾಮಕದವರ ಗೇಟಿಗೆ ಅಡ್ಡ ನಿಲ್ಲಿಸಿದ್ರಂತೆ. ಎತ್ತೋ ಹುಡುಗರು ಒಳಗೆ ನೋಡಲಿಲ್ಲ. ಇಲ್ಲಿ ಇಳಿಸಿದ ಮೇಲೆ ಹಿಂದಿನ ಗಾಜಿನಲ್ಲಿ ನಿಮ್ಮ ಮುಖ ನೋಡಿ ಹೆದರಿ ಓಡಿಹೋದ್ರು."

ಯಾರೂ ಹೆದರದ ಮುಖವೆಂದು ಹೆಸರಾಗಿದ್ದ ಆ ಮುಖ ಈಗ ಬಿಳಿಚಿಕೊಂಡಿತು. "ನಾನು ದುಡ್ಡು ಕೊಟ್ಟಿದ್ದೀನಿ," ಎಂದು ಮೇಷ್ಟ್ರು ಗುಲಾಬಿ ಚೀಟಿಯನ್ನು ಗೂಡಿನೊಳಕ್ಕೆ ಚಾಚಿದರು. "ಅದೂ ಕೂತ ಗಾಡಿಯ ದರ."

ಗುಮಾಸ್ತೆ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. "ಪ್ಯಾಂಟು ಎರಡು, ಕೋಟು ಒಂದು, ಇಸ್ತ್ರಿ ಸಮೇತ."

ಮೇಷ್ಟ್ರು ಚೀಟಿಯನ್ನು ವಾಪಸು ತೆಗೆದುಕೊಂಡು ಕೈಯಳತೆಗೆ ದೂರ ಹಿಡಿದು ನೋಡಿದರು.

"ಬಟ್ಟೆ ಒಗೆಯೋ ಅಂಗಡಿ ಚೀಟಿ ಸಾರ್. ಗುರುವಾರ ಸಿಗುತ್ತಂತೆ ನಿಮ್ಮ ಕೋಟು."

ಕೂತ ಗಾಡಿ, ನಿಂತ ಗಾಡಿಯ ವ್ಯಾಕರಣವನ್ನು ಮೇಷ್ಟ್ರು ವಿವರಿಸಿದಾಗ ಆಕೆ ಕಡಲೆಕಾಯಿ ಅಗಿಯುವುದನ್ನೇ ನಿಲ್ಲಿಸಿ ಕೇಳಿದಳು. ನಗಲಿಲ್ಲ, ಅದೊಂದು ಆಕೆಯ ದೊಡ್ಡತನ. ದಂಡದ ಸಂದೇಶ ಫೋನಿಗೆ ಬಂದಿರುತ್ತದೆ, ಅದನ್ನು ಒತ್ತಿ ಕಟ್ಟಿಬಿಡಿ, ಗೇಟು ತೆಗೆಯುತ್ತೇನೆ ಎಂದಳು.

"ಅದನ್ನ ಅಳಿಸಿಬಿಟ್ಟೆನಲ್ಲಮ್ಮಾ."

"ಇನ್ನೊಂದು ಕಳಿಸ್ತೀನಿ."

"ಕಳಿಸಿದ್ರೂ ಬರಲ್ಲ. ನಿಮ್ಮನ್ನ ಬ್ಲಾಕ್ ಮಾಡಿಬಿಟ್ಟೆ."

ಗುಮಾಸ್ತೆ ನಿಟ್ಟುಸಿರು ಬಿಟ್ಟು ಮೇಷ್ಟ್ರ ಫೋನನ್ನು ಕೈಗೆ ತೆಗೆದುಕೊಂಡಳು. ಹಾಕಿದ ಬೀಗ ತೆಗೆಯಲು ಎಲ್ಲೆಲ್ಲಿ ಒತ್ತಬೇಕೋ ಆಕೆಗೂ ಗೊತ್ತಿರಲಿಲ್ಲ, ಮೇಷ್ಟ್ರಿಗಂತೂ ಅಕ್ಷರವೇ ಕಾಣುತ್ತಿರಲಿಲ್ಲ. ಇಬ್ಬರೂ ಒಂದು ಫೋನಿನ ಮೇಲೆ ಬಾಗಿ ಹೆಣಗುತ್ತಿರುವಾಗ ಅಂಗಳದ ಹಿಂಬದಿಯ ಎತ್ತರದ ಗೋಡೆಯಾಚೆಯಿಂದ ಚಪ್ಪಾಳೆ ಕೇಳಿಸಿತು. ಆಮೇಲೆ ಅನೇಕ ಹೆಂಗಸರ ದನಿ ಒಟ್ಟಿಗೆ ಎದ್ದಿತು.

ಮೇಷ್ಟ್ರು ಫೋನು ಬಿಟ್ಟು ತಲೆಯೆತ್ತಿದರು. "ಗೋಡೆ ಆಚೆ ಏನಿದೆ?"

"ಸಭಾಂಗಣ. ಇದು ಅದರ ಹಿತ್ತಲು."

"ಹೋಗೋದಕ್ಕೆ ದಾರಿ?"

"ನಮ್ಮ ಗೇಟು ಆ ಕಡೆ ಬೀದಿಗಿದೆ ಸಾರ್. ಅಲ್ಲಿಂದ ಕಾರಂಜಿ ಸುತ್ತಿ ಬರಬೇಕು. ನೀವು ಸುತ್ತಿ ಹೋಗೋದರಲ್ಲಿ ಈ ಹಾಡು ಮುಗಿದಿರುತ್ತೆ."

ಹೊಳೆ ಆಗಲೇ ಊರು ಸುತ್ತಲು ಶುರುಮಾಡಿತ್ತು. ಮನೆಯಲ್ಲಿ ಕೇಳಿ ಕೇಳಿ ಮೇಷ್ಟ್ರಿಗೆ ಹಾಡಿನ ತಿರುವುಗಳೆಲ್ಲ ಬಾಯಿಪಾಠ. ಇನ್ನು ಸೇತುವೆ ಬರುತ್ತದೆ, ಆಮೇಲೆ ಊರ ಅಗಸೆಬಾಗಿಲು, ಆಮೇಲೆ ಎಲ್ಲರೂ ದನಿ ತಗ್ಗಿಸುತ್ತಾರೆ, ಆಮೇಲೆ ಆಕೆ ಮೂರನೇ ಸಾಲಿನ ತುದಿ ಕುರ್ಚಿಯನ್ನು ನೋಡುತ್ತಾಳೆ. ಅಲ್ಲಿ ಯಾರೂ ಇರುವುದಿಲ್ಲ.

ಗೋಡೆಯ ಬುಡದಲ್ಲಿ ಹಳೇ ಟೈರುಗಳ ರಾಶಿಯಿತ್ತು. ಮೇಲೆ ಸಭಾಂಗಣದ ಗಾಳಿಕಂಡಿ. ಮೇಷ್ಟ್ರು ಟೈರಿನ ಮೇಲೆ ಟೈರು ಹತ್ತಿ, ಗೋಡೆಯನ್ನು ಅವುಚಿಕೊಂಡು, ಕಿವಿಯನ್ನು ಕಂಡಿಗೆ ಹಚ್ಚಿ ನಿಂತರು. ಗುಮಾಸ್ತೆ ಏನು ತಿಳಿದಳೋ, ಎದ್ದು ಗೂಡಿನ ಫ್ಯಾನು ಆರಿಸಿದಳು. ಅಂಗಳ ನಿಶ್ಶಬ್ದವಾಯಿತು. ಸಾಲುಸಾಲು ಕಾರುಗಳೂ ಉಸಿರು ಬಿಗಿಹಿಡಿದಂತಿದ್ದವು.

ದನಿಗಳು ತಗ್ಗಿದವು. ಒಂದು ಗಳಿಗೆ ಏನೂ ಇಲ್ಲ. ಮೇಷ್ಟ್ರು ಕಣ್ಣು ಮುಚ್ಚಿದರು.

ಆಮೇಲೆ ಒಂದೇ ಒಂದು ದನಿ ಬಂತು. ಸ್ನಾನದ ಮನೆಯಿಂದ ಬರುವ ಅದೇ ದನಿ. ಇಲ್ಲ, ಅದಕ್ಕಿಂತಲೂ ಸಡಿಲವಾದದ್ದು, ಒಳಗೊಳಗೇ ನಗುತ್ತಿರುವಂಥದ್ದು. ಹೊಳೆ ದಣಿದು ಮನೆಯ ಬಾಗಿಲಿಗೆ ಬಂದು ಕಾಲು ತೊಳೆದುಕೊಂಡಂತಿತ್ತು. ಎರಡು ಸಾಲು ಗೋಡೆ ದಾಟಿ, ಸಂಜೆಯ ಅಂಗಳದ ಮೇಲೆ ತೇಲಿ, ದಂಡ ಕಟ್ಟದೆ ನಿಂತ ಅಷ್ಟೂ ಗಾಡಿಗಳ ಬೆನ್ನು ಸವರಿ ಹೋದವು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳೋಣವೆಂದರೆ ಗೋಡೆ ಬಿಡುವಂತಿರಲಿಲ್ಲ.

"ನಿಮ್ಮೋರಾ?" ಎಂದು ಕೆಳಗಿನಿಂದ ಗುಮಾಸ್ತೆ ಮೆಲ್ಲಗೆ ಕೇಳಿದಳು.

"ನನ್ನ ಹೆಂಡತಿ."

"ಚೆನ್ನಾಗಿ ಹಾಡ್ತಾರೆ," ಎಂದಳು ಆಕೆ. ಮತ್ತೆ ಗೂಡಿನ ಕಡೆ ಹೊರಡುತ್ತ ಸೇರಿಸಿದಳು. "ಆದ್ರೆ ದಂಡ ಅಷ್ಟೇ ಸಾರ್. ಅದರಲ್ಲಿ ನನ್ನ ಕೈಲಿ ಏನೂ ಇಲ್ಲ."

ಕೊನೆಗೂ ಬೀಗ ತೆರೆದು, ಸಂದೇಶ ಬಂದು, ದಂಡ ಕಟ್ಟಿ, ಕಾರಂಜಿ ಸುತ್ತಿ ಮೇಷ್ಟ್ರು ಸಭಾಂಗಣದ ಮುಂಬಾಗಿಲಿಗೆ ಬರುವಷ್ಟರಲ್ಲಿ ಜನ ಹೊರಗೆ ಬರುತ್ತಿದ್ದರು. ಕಟ್ಟಿದ ದಂಡದಲ್ಲಿ ಪಕ್ಕದ ಜಾಗದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬಹುದಿತ್ತು. ಆ ಯೋಚನೆಯನ್ನು ಅವರು ಹಾಗೇ ನುಂಗಿಕೊಂಡರು. ಮೆಟ್ಟಿಲ ಮೇಲೆ ಹೆಂಡತಿ ಇದ್ದಳು, ಸುತ್ತ ಹಾಡಿನ ಹೆಂಗಸರು, ಪಕ್ಕದಲ್ಲಿ ಟೀಚರ್, ಇನ್ನೊಂದು ಪಕ್ಕ ಹುಷಾರಣ್ಣ. ಆಕೆಯ ಮುಖ ದೀಪ ಹಚ್ಚಿದಂತಿತ್ತು. ಇವರನ್ನು ಕಂಡೊಡನೆ ಹೆಂಗಸರೆಲ್ಲ ಯಾಕೋ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

"ಎಷ್ಟು ಚೆನ್ನಾಗಿ ಹಾಡಿದೆ ಕಣೆ," ಎಂದರು ಮೇಷ್ಟ್ರು. ಇದು ನಿಜ. ಆದ್ದರಿಂದ ಮುಂದಿನ ಸುಳ್ಳುಗಳಿಗೆ ಅವರಿಗೆ ಧೈರ್ಯ ಬಂತು.

"ಮೂರನೇ ಸಾಲಲ್ಲಿ ಕಾಣಲಿಲ್ಲವಲ್ಲ?" ಎಂದಳು ಆಕೆ, ಬಹಳ ಸಾಧುವಾಗಿ.

"ಹಿಂದೆ ನಿಂತಿದ್ದೆ. ದನಿ ಹಿಂದಕ್ಕೇ ಚೆನ್ನಾಗಿ ಕೇಳೋದು."

"ತುಂಬ ಹಿಂದೆ ಇದ್ರಾ?"

"ಸಾಕಷ್ಟು ಹಿಂದೆ. ಗೋಡೆಗೆ ಒರಗಿಕೊಂಡು."

"ಗಾಡಿ ಎಲ್ಲಿ ನಿಲ್ಲಿಸಿದ್ರಿ?"

"ಇಲ್ಲೇ, ಸಭಾಂಗಣದ ಬೆನ್ನಿಗೇ. ಒಳ್ಳೇ ಬಂದೋಬಸ್ತಿನ ಜಾಗ. ಕಾವಲಿದೆ, ಗೇಟಿದೆ. ನೀನು ಹೇಳಿದ ಹಾಗೆ ದುಡ್ಡಿನ ಮುಖ ನೋಡಲಿಲ್ಲ ನೋಡು, ಕೇಳಿದಷ್ಟು ಕೊಟ್ಟುಬಿಟ್ಟೆ."

ಹುಷಾರಣ್ಣ ಹುಬ್ಬು ಗಂಟಿಕ್ಕಿದ. "ಪಕ್ಕದ ಜಾಗ ಬಿಟ್ಟು ಅಲ್ಲಿಗ್ಯಾಕೆ ಹೋದ್ರಿ ಮೇಷ್ಟ್ರೇ? ಇವತ್ತು ಕಾರ್ಯಕ್ರಮದ ಟಿಕೆಟ್ ಇದ್ದೋರಿಗೆ ಪಕ್ಕದಲ್ಲಿ ಪಾರ್ಕಿಂಗ್ ಬಿಟ್ಟಿ. ಯಂತ್ರದ ಮೇಲೆ ಹೊಸ ಸ್ಟಿಕ್ಕರ್ ಹಾಕಿ ಅದನ್ನೇ ಬರೆದಿದ್ರು. ಯಾವನೋ ತಲೆಕೆಟ್ಟೋನು ಅದರ ಮೂಲೆ ಬೇರೆ ಕಿತ್ತುಹಾಕಿದ್ದ."

ಮೇಷ್ಟ್ರು ಆಕಾಶ ನೋಡಿದರು. ಅಲ್ಲಿ ಅವರ ಸಹಾಯಕ್ಕೆ ಒಂದು ಮೋಡವೂ ಇರಲಿಲ್ಲ.

ಮನೆಯ ದಾರಿಯಲ್ಲಿ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಗಾಳಿ ತಂಪಾಗಿತ್ತು. ಹೆಂಡತಿ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಹೋದಳೆಂದು ಮೇಷ್ಟ್ರು ಗಾಡಿಯನ್ನು ತೊಟ್ಟಿಲಂತೆ ನಡೆಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಆಕೆಯ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಅವರು ಗಾಬರಿಯಾಗಿ ತಿರುಗಿ ನೋಡಿದರು. ಅಳುತ್ತಿರಲಿಲ್ಲ.

"ನಾವು ಬಟ್ಟೆ ಸರಿಮಾಡಿಕೊಳ್ಳೋ ಕೋಣೆ ಇದೆಯಲ್ಲ, ಮಹಡಿ ಮೇಲೆ," ಎಂದಳು ಆಕೆ ಉಸಿರು ಹಿಡಿದು. "ಅದರ ಕಿಟಕಿ ಹಿಂದಿನ ಅಂಗಳಕ್ಕಿದೆ."

ಮೇಷ್ಟ್ರ ಕಾಲು ತಾನಾಗಿಯೇ ವೇಗ ಇಳಿಸಿತು.

"ನನ್ನ ಗಂಟಲು ಒಣಗಿ ಕಟ್ಟಿಗೆ ಆಗಿತ್ತು ರೀ. ನನ್ನ ಕೈಲಾಗಲ್ಲ, ಆ ಎರಡು ಸಾಲು ಬೇರೆಯೋರಿಗೆ ಕೊಡಿ ಅಂತ ಟೀಚರಿಗೆ ಹೇಳೋದೇ ಅಂತ ತೀರ್ಮಾನ ಮಾಡಿ, ಒಂದು ಗಳಿಗೆ ಗಾಳಿಗೆ ಅಂತ ಕಿಟಕಿಗೆ ಬಂದೆ. ನೋಡಿದ್ರೆ ನಮ್ಮ ಕಾರು ಮೂತಿ ಮೇಲೆ ಮಾಡಿಕೊಂಡು ತೇಲ್ತಾ ಬರ್ತಿದೆ. ಹಿಂದಿನ ಗಾಜಿಗೆ ನಿಮ್ಮ ಕೆನ್ನೆ ಅಂಟಿಕೊಂಡಿದೆ. ಬಾಯಿ ಇಷ್ಟಗಲ. ನಾನು ಎಲ್ಲರನ್ನೂ ಕರೆದೆ."

"ಎಲ್ಲರನ್ನೂ?" ಎಂದರು ಮೇಷ್ಟ್ರು ಕ್ಷೀಣವಾಗಿ.

"ಟೀಚರನ್ನೂ. ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಯ್ತು. ಹೋಗಿ ಎಬ್ಬಿಸಿ ಬರ್ತೀನಿ ಅಂತ ಹೊರಟೆ, ಟೀಚರ್ ಬಿಡಲಿಲ್ಲ. ಮಲಗಿರಲಿ ಬಿಡಮ್ಮಾ, ಅಲ್ಲಿಂದ ಇನ್ಯಾರೂ ಅವರನ್ನ ಎತ್ಕೊಂಡು ಹೋಗಲ್ಲ ಅಂದ್ರು. ಆಮೇಲೆ ವೇದಿಕೆ ಮೇಲೆ ಕಣ್ಣು ಮುಚ್ಚಿದ್ರೆ ಅದೇ ಮುಖ. ಹೆದರಿಕೆ ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ."

ಮೆಟ್ಟಿಲ ಮೇಲೆ ತಾವು ಹೇಳಿದ್ದನ್ನು, ಅದರಲ್ಲೂ ಬಂದೋಬಸ್ತಿನ ಜಾಗ ಎಂದದ್ದನ್ನು, ಅಷ್ಟೂ ಹೆಂಗಸರು ಶಾಲಿನ ತುದಿ ಕಚ್ಚಿಕೊಂಡು ಕೇಳಿಸಿಕೊಂಡದ್ದು ನೆನಪಾಗಿ ಮೇಷ್ಟ್ರ ಕಿವಿ ಬಿಸಿಯಾಯಿತು. ಆದರೂ, ಹೇಗೋ ಏನೋ, ತಮ್ಮ ಮುಖ ಆಕೆಗೆ ಕಂಡಿತಲ್ಲ ಎಂದು ಒಂದು ಸಣ್ಣ ಸಮಾಧಾನವೂ ಆಯಿತು.

"ಟೀಚರ್ ಏನಂದ್ರು?" ಎಂದು ಕೊನೆಗೆ ಕೇಳಿದರು.

"ಮುಂದಿನ ತಿಂಗಳು ಇನ್ನೊಂದು ಕಾರ್ಯಕ್ರಮ ಇದೆ. ಅದರಲ್ಲಿ ನಂಗೆ ನಾಲ್ಕು ಸಾಲು ಕೊಟ್ಟಿದ್ದಾರೆ. ನಿಮ್ಮ ಯಜಮಾನ್ರು ತಪ್ಪದೆ ಬರ್ತಾರೆ ತಾನೇ ಅಂತ ಕೇಳಿದ್ರು."

"ನೀನೇನಂದೆ?"

"ಅವರು ಬರಲ್ಲ ಟೀಚರ್, ಅವರನ್ನ ತರ್ತಾರೆ ಅಂದೆ."